ಅಂಟು ಒಣಗುವ ತನಕ

ಅತ್ತೆ ಎಣ್ಣೆ ಹಚ್ಚಿ ಮತ್ತೆ ಉಜ್ಜಿದರು. ಮಗನ ತಣ್ಣಗಾದ ಹೆಬ್ಬೆರಳಿಗೆ ಮೆತ್ತಿದ್ದ ಅಂಟು ಬಿಡಲಿಲ್ಲ.

“ಬಿಡಿ ಅತ್ತೆ. ಅದು ಗೊರಸಿಗೆ ಲಾಳ ಕೂರಿಸೋ ಅಂಟು, ಹೋಗಲ್ಲ” ಎಂದಳು ಸೊಸೆ.

“ಹದಿನಾಲ್ಕು ದಿನ ಆಸ್ಪತ್ರೇಲಿದ್ದ. ಒಬ್ಬರೂ ಕೈ ತೊಳೆಸಲಿಲ್ವಾ?”

ಹೊರಗೆ ಬೆಂಚಿನ ಮೇಲೆ ಕುದುರೆಲಾಯದ ಯಜಮಾನ ಭಾವನಿಗೆ ಹೇಳುತ್ತಿದ್ದ: “ಸೊಟ್ಟಗಾಲಿನ ಮರಿ ತೋರಿಸಿದ್ರೆ, ಮೊದಲು ನಿಮ್ಮ ಕಾಲು ನೆಟ್ಟಗೆ ಮಾಡ್ಲಾ ಯಜಮಾನ್ರೇ ಅಂತಿದ್ದ ನಿಮ್ಮ ತಮ್ಮ.”

ಭಾವ ನಕ್ಕು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಆ ಮರಿ ಏನಾಯ್ತು?”

“ಲಾಳ ಇನ್ನೂ ಕಾಲಲ್ಲೇ ಇದೆ. ಎರಡು ವಾರಕ್ಕೆ ತೆಗೀಬೇಕು, ಇಲ್ದಿದ್ರೆ ಗೊರಸು ಬೆಳೆಯೋಕೆ ಜಾಗ ಸಿಗದೆ ಹಿಸುಕಿಹೋಗುತ್ತೆ ಅಂದಿದ್ದ. ಇವತ್ತಿಗೆ ಎರಡು ವಾರ. ತಾಯಿಕುದುರೆ ಯಾರನ್ನೂ ಹತ್ರ ಸೇರಿಸ್ತಿಲ್ಲ. ಮತ್ತಿನ ಸೂಜಿ ಚುಚ್ಚೋಕಾದ್ರೂ ಹತ್ರ ಹೋಗಬೇಕಲ್ಲ? ಸಂಜೆ ಬಂದೂಕಿನವನಿಗೆ ಹೇಳಿದೀನಿ. ಮರಿ ನರಳೋದು ಬೇಡ.”

ಸೊಸೆ ಎಣ್ಣೆಯ ಬಟ್ಟಲು ಮುಚ್ಚಿಟ್ಟಳು.

\*

“ತಲೆ ನೀನು ಹಿಡ್ಕೋ, ಕಾಲು ನನ್ನ ಕೈಲಿರುತ್ತೆ” ಎಂದಿದ್ದ ಗಂಡ, ಎರಡು ವಾರದ ಹಿಂದೆ ಲಾಯದಲ್ಲಿ. ಒಂದು ಬದಿಗೆ ರೆಕ್ಕೆಯಂತೆ ಚಾಚಿದ ಪುಟ್ಟ ಲಾಳ. ಅದರ ಮೇಲೆ ನಡೆದು ನಡೆದು ಕಾಲು ನೆಟ್ಟಗಾಗಬೇಕು. “ಅಂಟು ಕಚ್ಚೋಕೆ ಏಳು ನಿಮಿಷ. ಅಲ್ಲೀವರೆಗೂ ಉಸಿರೆತ್ತಬೇಡ. ಮರಿ ಬೆಚ್ಚಿದ್ರೆ ಲಾಳ ಜರುಗುತ್ತೆ.”

ಐದನೆಯ ನಿಮಿಷಕ್ಕೆ ತಾಯಿಕುದುರೆಯ ಕಿವಿಗಳು ಹಿಂದಕ್ಕೆ ಮಲಗಿದವು. ಅವನು ಅದಕ್ಕೆ ಬೆನ್ನು ಹಾಕಿ ಬಗ್ಗಿದ್ದ. ಅವಳಿಗೆ ಕಾಣುತ್ತಿತ್ತು. ಕಿವಿ ಮಲಗಿದರೆ ಒದೆ ಬೀಳುತ್ತದೆಂದು ಕಲಿಸಿದವನೂ ಅವನೇ. ಅವಳು ಗೋಡೆಯ ಗಡಿಯಾರ ನೋಡಿದಳು. ಇನ್ನೆರಡು ನಿಮಿಷ.

ಉಸಿರೆತ್ತಲಿಲ್ಲ.

ಒದೆಗೆ ಅವನು ಉರುಳಿಬಿದ್ದ. ಲಾಳ ಮಾತ್ರ ನೆಟ್ಟಗೆ ಕೂತಿತ್ತು.

\*

ಮಣ್ಣು ಮುಚ್ಚಿ ಬಂದ ಮೇಲೆ ಅವಳು ಮೊಳೆಗೆ ನೇತುಹಾಕಿದ್ದ, ಗೊರಸು ಉಜ್ಜುವ ಅವನ ಅರ ತೆಗೆದುಕೊಂಡಳು.

“ಎಲ್ಲಿಗಮ್ಮಾ?” ಭಾವ ಕೇಳಿದ.

“ಲಾಯಕ್ಕೆ. ನೀವೂ ಬನ್ನಿ, ಮರಿಯ ತಲೆ ಹಿಡಿಯೋಕೆ.”

“ನಿನಗೇನು ತಲೆ ಕೆಟ್ಟಿದೆಯಾ?”

“ತಾಯಿ ಕಿವಿ ನೋಡ್ತಾ ಇರಿ. ಹಿಂದಕ್ಕೆ ಮಲಗಿದ್ರೆ ಕೂಗಿಬಿಡಿ. ಮರಿ ಬೆಚ್ಚಿದ್ರೂ ಪರವಾಗಿಲ್ಲ.”

ಲಾಯದಲ್ಲಿ ಬಿಸಿಲು ಇಳಿಯುತ್ತಿತ್ತು. ಅವಳ ಗುರುತಿದ್ದ ತಾಯಿಕುದುರೆ ಅವಳು ಹಾಕಿದ ಹುಲ್ಲಿಗೆ ಬಾಯಿ ಇಟ್ಟಿತು. ಅವಳು ತಾಯಿಗೆ ಬೆನ್ನು ಹಾಕಿ ಬಗ್ಗಿ, ಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಅರ ಆಡಿದಂತೆ ಅಂಟು ಬಿಳಿ ಪುಡಿಯಾಗಿ ಉದುರಿತು. ಲಾಳದ ಅರ್ಧ ಬಿಟ್ಟುಕೊಂಡಿತು. ಹಿಂದೆ ಹುಲ್ಲು ಅಗಿಯುವ ಸದ್ದು ನಿಂತಿತು.

ಅವಳು ತಲೆಯೆತ್ತಿದಳು. ಭಾವನ ಕಣ್ಣು ಅವಳ ಹೆಗಲಿನಾಚೆ ನೆಟ್ಟಿತ್ತು. ಬಾಯಿ ತೆರೆದೇ ಇತ್ತು, ಕೂಗು ಇನ್ನೂ ಹೊರಟಿರಲಿಲ್ಲ.