ಗೇಲಿಯ ನಂಟು

"ಬಾಯಿ ಬಿಚ್ಚಬೇಡ ತಿಯಾ, ನಿನ್ನ ಕಾಲಿಗೆ ಬೀಳ್ತೀನಿ."

ನಾಬಿಂತು ಅವನ ಮಣಿಕಟ್ಟು ಹಿಡಿದು ಅಂಗಳದ ಬಾಗಿಲಲ್ಲೇ ತಡೆದಳು. ಸತ್ತುಹೋದ ಅವಳ ಗಂಡ ಜಿಯೆಗೆ ಒಳಗೆ ಗಂಡಸರು ಕೊನೆಯ ಸ್ನಾನ ಮಾಡಿಸುತ್ತಿದ್ದರು.

"ಸೋಮವಾರ ಮಗಳು ಕೋರ್ಟಲ್ಲಿ ನಿಲ್ಬೇಕು. ಇವತ್ತು ನೀನೊಂದು ಮಾತಾಡಿದ್ರೂ ಅದನ್ನೇ ಅಲ್ಲಿಗೆ ಹೊತ್ಕೊಂಡು ಹೋಗ್ತಾರೆ. ಅಲ್ನೋಡು, ಬಂದು ಕೂತಿದಾನೆ."

ಮಾವಿನ ಮರದಡಿ ಅರ್ಮಾನ್ ಫೋನು ಹಿಡಿದು ಕೂತಿದ್ದ. ಪಕ್ಷದ ಕಾರ್ಯದರ್ಶಿ. ಚುನಾವಣೆಗೆ ಮೊದಲು ಮತದಾರರ ಪಟ್ಟಿಯಿಂದ ಪರದೇಶಿಗಳನ್ನು ತೆಗೆಯಬೇಕೆಂದು ಕೋರ್ಟಿಗೆ ಹೋದವನು. ಅವನ ತಾಯಿ ಇವತ್ತಿಗೂ ಗೆಣಸು ಕುಟ್ಟುವುದು ಜಿಯೆ ಕೆತ್ತಿಕೊಟ್ಟ ಒರಳಿನಲ್ಲೇ. ಆ ಊರಿನಲ್ಲಿ ಜಿಯೆಯ ಒರಳಿಲ್ಲದ ಅಡುಗೆಮನೆ ಹುಡುಕಿದರೂ ಸಿಗದು.

"ಸುಮ್ನಿದ್ರೆ ಅವನು ಹೆಂಗೆ ಹೋಗ್ತಾನೆ ಅತ್ತಿಗೆ? ಗೇಲಿ ಮಾಡೋರೇ ಇಲ್ದೆ ಮಣ್ಣಿಗೆ ಹೋಗೋನು ಪರದೇಶಿ ಅಲ್ವಾ?"

"ಪರದೇಶಿ ಅಂತ ಅಂದೋನು ನೀನೇ ತಾನೆ!"

ತಿಯಾ ತಲೆ ತಗ್ಗಿಸಿ ಗೋಡೆಯ ಬದಿಗೆ ಹೋಗಿ ನಿಂತ.

ತಿಯಾ ಯಾಕೂಬಾ ಕುಲದವನು, ಜಿಯೆ ಸೆನುಫೊ. ಈ ಎರಡು ಕುಲಗಳಿಗೆ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಗುಲಾಮ ಎಂದು ಜರೆಯಬೇಕು, ಜರೆಸಿಕೊಂಡವರು ಸಿಟ್ಟಾಗಕೂಡದು. ಒಬ್ಬ ಸತ್ತರೆ ಇನ್ನೊಬ್ಬ ಬಂದು ಹೆಣ ಸಾಗದಂತೆ ಅಡ್ಡ ಮಲಗಬೇಕು. ಮನೆಯವರು ಕಾಸು ಕೊಟ್ಟು ಬಿಡಿಸಿಕೊಂಡ ಮೇಲೆಯೇ ಮಣ್ಣು. ಆ ರಂಪಾಟ ನಡೆಯದಿದ್ದರೆ ಸತ್ತವನಿಗೆ ತನ್ನವರು ಅನ್ನುವವರೇ ಇರಲಿಲ್ಲ ಎಂದಂತೆ.

*

ಆ ಪರದೇಶಿ ಮಾತನ್ನು ತಿಯಾ ಅಂದದ್ದು ಹಿಂದೊಮ್ಮೆ ಸಂತೆಯಲ್ಲಿ. ಜಿಯೆ ಹೊಸ ಒರಳನ್ನು ಉರುಳಿಸಿಕೊಂಡು ಬರುತ್ತಿದ್ದ. ತಿಯಾ ಹೆಂಡದಂಗಡಿಯಿಂದಲೇ ಕೂಗಿದ್ದ: "ಏ, ದಾರಿ ಬಿಡ್ರಪ್ಪಾ, ನನ್ನ ಗುಲಾಮ ಬಂದ! ಗಡಿಯಾಚೆ ಮಾಲಿ ದೇಶದ ಸಂತೇಲಿ ನಮ್ಮಜ್ಜ ಒಂದು ಬುಟ್ಟಿ ಉಪ್ಪಿಗೆ ಕೊಂಡ್ಕೊಂಡು ಬಂದ ಮಾಲು!"

"ಉಪ್ಪಿನ ದುಡ್ಡು ನಿಮ್ಮಜ್ಜ ಇನ್ನೂ ಕೊಟ್ಟಿಲ್ವೋ ಗುಲಾಮಾ!" ಎಂದಿದ್ದ ಜಿಯೆ. ಇಡೀ ಸಂತೆ ನಕ್ಕಿತ್ತು. ಅರ್ಮಾನ್ ಕೂಡ ನಕ್ಕಿದ್ದ. ಆಮೇಲೆ ಜಿಯೆಯ ಹೆಸರಿಗೆ ಅವನು ಹಾಕಿದ ಆಕ್ಷೇಪದಲ್ಲಿ ಅದೇ ಮಾತು ಇತ್ತು, ಸಾಕ್ಷಿಯ ಜಾಗದಲ್ಲಿ ತಿಯಾನ ಹೆಸರು.

ಕೋರ್ಟಿನಲ್ಲಿ ತಿಯಾ ಬೆವೆತುಹೋದ. "ಸ್ವಾಮಿ, ಅದು ಗೇಲಿ. ತಮಗೂ ಗೊತ್ತು."

ದೂರದ ದೊಡ್ಡ ನಗರ ಅಬಿಜಾನಿನಿಂದ ಬಂದಿದ್ದ ನ್ಯಾಯಾಧೀಶರಿಗೆ ಗೊತ್ತಿಲ್ಲದೆ ಏನು. ಆ ದೇಶದಲ್ಲಿ ಮಗುವಿಗೂ ಗೊತ್ತಿರುವ ಸಂಗತಿ. ಆದರೆ ಅವರು ಕನ್ನಡಕ ತೆಗೆದು, "ಹೇಳಿದ್ದು ಹೌದೋ ಅಲ್ಲವೋ?" ಎಂದರು.

"ಹೌದು. ಮೀಸೆ ಬಂದಾಗಿನಿಂದ ಹೇಳ್ತಾನೇ ಇದೀನಿ."

"ಹಾಗಾದರೆ ಹಳೆಯ ಸಾಕ್ಷಿ."

ಪಟ್ಟಿಯಿಂದ ಜಿಯೆಯ ಹೆಸರು ಹೋಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವನು ತಿಯಾನ ತೊಡೆ ತಟ್ಟಿ, "ಗುಲಾಮಾ, ಜನ್ಮದಲ್ಲಿ ಮೊದಲನೇ ಸಲ ನಿನ್ನ ಮಾತನ್ನ ಒಬ್ಬ ನಂಬಿದ ನೋಡು" ಎಂದು ನಕ್ಕ. ನಗು ಕೆಮ್ಮಾಯಿತು. ತಿಯಾನಿಗೆ ನಗಲಾಗಲಿಲ್ಲ. ಆವತ್ತಿನಿಂದ ಜಿಯೆ ಉಳಿ ಮುಟ್ಟಲಿಲ್ಲ. ಅಪ್ಪ ಪರದೇಶಿಯಾದರೆ ಮಗಳು ಇನ್ನೇನು ಎಂದು ಕರಿಜಾಳ ಹೆಸರಿಗೂ ಅರ್ಮಾನ್ ಆಕ್ಷೇಪ ಹಾಕಿದ. ಪಟ್ಟಿಯಲ್ಲಿ ಹೆಸರು ಹೋದರೆ ನಾಳೆ ಗುರುತಿನ ಚೀಟಿ, ನಾಡಿದ್ದು ಈ ಮನೆಯ ಜಾಗ ಎಂಬ ಹೆದರಿಕೆ ಜಿಯೆಯನ್ನು ಒಳಗೊಳಗೇ ತಿಂದುಹಾಕಿತು.

*

ಮಸೀದಿಯಿಂದ ತಂದ ಹೆಣದ ಮಂಚವನ್ನು ಅಂಗಳದ ನಡುವೆ ಇಟ್ಟರು. ಬಿಳಿ ಬಟ್ಟೆ ಸುತ್ತಿದ ಜಿಯೆಯನ್ನು ನಾಲ್ವರು ಎತ್ತಿಕೊಂಡು ಬಾಗಿಲಿಗೆ ಬಂದರು. ಬಂದವರೆಲ್ಲ ತಿಯಾನನ್ನೇ ನೋಡುತ್ತಿದ್ದರು. ತಿಯಾ ನೆಲ ನೋಡುತ್ತಿದ್ದ. ಅಂಥ ಮೌನವನ್ನು ಆ ಊರು ಯಾವ ಸಾವಿನಲ್ಲೂ ಕಂಡಿರಲಿಲ್ಲ.

"ಗುಲಾಮಾ!"

ಕೂಗಿದ್ದು ಕರಿಜಾ. ಹೆಂಗಸರ ಗುಂಪಿನಿಂದ ಎದ್ದು ನಿಂತಿದ್ದಳು.

"ನಿನ್ನ ಒಡೆಯ ಹೊರಟಿದಾನೆ. ನೀನು ಕಂಬದ ಹಂಗೆ ನಿಂತಿದೀಯಲ್ಲ, ನಾಲಿಗೆ ಮಾರ್ಕೊಂಡ್ಯಾ?"

"ಕರಿಜಾ, ಬೇಡ ಕಣೇ..." ನಾಬಿಂತು ಮಗಳ ಬಟ್ಟೆ ಜಗ್ಗಿದಳು.

ತಿಯಾ ತಲೆ ಎತ್ತಿದ. "ಸೋಮವಾರ ಐತಲ್ಲ ಮಗಳೇ."

"ಸೋಮವಾರದ್ದು ನನ್ನದು. ಇವತ್ತಿಂದು ಅಪ್ಪಂದು."

ತಿಯಾ ಚಪ್ಪಲಿ ಬಿಟ್ಟ. ನಾಲ್ಕು ಹೆಜ್ಜೆ ಓಡಿ ಖಾಲಿ ಮಂಚದ ಮೇಲೆ ಧೊಪ್ಪನೆ ಬಿದ್ದು ಕಾಲು ಚಾಚಿದ. "ನನ್ನನ್ನ ಹೊತ್ಕೊಂಡು ಹೋಗಿ! ಅವನಿಗ್ಯಾಕೆ ಮಂಚ? ಮಾಲಿಯ ಸಂತೇಲಿ ನಮ್ಮಜ್ಜ ಒಂದು ಬುಟ್ಟಿ ಉಪ್ಪಿಗೆ ಕೊಂಡ ಗುಲಾಮ ಅವನು! ಬಿಡಿಸ್ಕೊಳ್ಳೋರು ಯಾರಿದೀರಿ?" ಅಂಗೈ ಮೇಲಕ್ಕೆ ಚಾಚಿತು.

ಮುದುಕನೊಬ್ಬ ತಡೆಯಲಾರದೆ ನಕ್ಕುಬಿಟ್ಟ, ನಗುತ್ತಲೇ ಅತ್ತ. ಮಾವಿನ ಮರದಡಿಯಿಂದ ಅರ್ಮಾನ್ ಫೋನು ಎತ್ತಿ ಹಿಡಿದು ವಿಡಿಯೊ ತೆಗೆಯುತ್ತ ಮಂಚದ ಹತ್ತಿರ ಬಂದ. ನಾಬಿಂತು ಮುಖ ಮುಚ್ಚಿಕೊಂಡಳು.

ಕರಿಜಾ ಸುತ್ತುಬಟ್ಟೆಯ ತುದಿಯ ಗಂಟು ಬಿಚ್ಚಿದಳು. ಸೋಮವಾರ ಕೋರ್ಟಿಗೆ ಹೋಗುವ ಟ್ಯಾಕ್ಸಿಗೆಂದು ಕಟ್ಟಿಟ್ಟುಕೊಂಡ ನಾಣ್ಯಗಳು. ಅವನ್ನೆಲ್ಲ ಆ ಅಂಗೈಗೆ ಸುರಿದಳು.

"ಸಾಲ್ದು," ಎಂದ ತಿಯಾ. ಹಾಗೆನ್ನುವುದು ರೂಢಿ.

"ಇದ್ದದ್ದೇ ಅಷ್ಟು, ಗುಲಾಮಾ. ಏಳು. ಅಪ್ಪ ಕಾಯ್ತಿದಾನೆ."

ತಿಯಾ ಏಳಲಿಲ್ಲ. ಮುಷ್ಟಿ ಬಿಗಿದು ಮಲಗಿದ್ದವನ ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಫೋನು ಅವನ ಮುಖದ ಮೇಲೆ ಬಾಗಿತ್ತು. ಬಾಗಿಲಲ್ಲಿ ನಾಲ್ವರೂ ಜಿಯೆಯನ್ನು ಹೊತ್ತು ನಿಂತೇ ಇದ್ದರು. ಕರಿಜಾ ಬಟ್ಟೆಯ ಖಾಲಿ ತುದಿಯನ್ನು ಮಡಚಿ, ಮತ್ತೆ ಬಿಗಿಯಾಗಿ ಗಂಟು ಹಾಕಿಕೊಂಡಳು.