ಎರಡನೇ ಪದ

ಹಸು ಡಾಕ್ಟರು ರವಿಚಂದ್ರ ಬಂದ ಮೇಲೆ ಡೈರಿಯಲ್ಲಿ ಇಂಗ್ಲಿಷಿಗೆ ಬೆಲೆ ಬಂತು. ಮಧುರೆ ಹೋಬಳಿಯಲ್ಲಿ ಅವರ ಪಾಲಿಗೆ ಹನ್ನೊಂದು ಊರು. ಬೈಕಿನ ಮೇಲೆ ಓಡಾಡುತ್ತ ಫೋನ್ ಎತ್ತುತ್ತಿರಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದರೆ ಜನ ಹಸು ಕೊಂಡ ಸಂತೆಯಿಂದ ಕಥೆ ಶುರು ಮಾಡುತ್ತಾರೆಂದು ಅದನ್ನೂ ಕೇಳುತ್ತಿರಲಿಲ್ಲ. ಪ್ರತಿ ಡೈರಿಯಿಂದ ಒಬ್ಬರು ಒಂದೇ ಸಾಲಿನ ಮೆಸೇಜ್ ಹಾಕಬೇಕು, ಸಾಲಿನ ಮೊದಲಿಗೆ ಒಂದು ಇಂಗ್ಲಿಷ್ ಪದ ಇರಬೇಕು, ಆ ಪದ ನೋಡಿಯೇ ತಾವು ಹೊರಡುವುದು ಎಂದು ಕಟ್ಟಳೆ ಮಾಡಿದರು. ರೊಟೀನ್ ಅಂದರೆ ಈ ವಾರದಲ್ಲಿ. ಅರ್ಜೆಂಟ್ ಅಂದರೆ ಇವತ್ತು. ಕ್ರಿಟಿಕಲ್ ಅಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಈಗಲೇ.

ಈ ಊರಲ್ಲಿ ಆ ಕೆಲಸ ಬಿದ್ದದ್ದು ಹಾಲು ಪರೀಕ್ಷೆ ಮಾಡುವ ಚೈತ್ರಳಿಗೆ. ದೊಡ್ಡಬಳ್ಳಾಪುರಕ್ಕೆ ಬಸ್ಸಲ್ಲಿ ಓಡಾಡಿ ಬಿ.ಎ. ಮುಗಿಸಿದ್ದಳು.

ಜನರ ತಲೆಗೆ ಮೂರು ಪದ ಹತ್ತಲಿಲ್ಲ. ಅವರಿಗೆ ಬಸ್ಸಿಗೂ ಅರ್ಜೆಂಟ್, ಬೀಡಿಗೂ ಅರ್ಜೆಂಟ್, ಚೊಂಬು ಹಿಡಿದು ಹೊರಟರೂ ಅರ್ಜೆಂಟ್. ಸೀರಿಯಸ್ ಎಂಬುದೂ ಗೊತ್ತಿತ್ತು. ಆದರೆ ಆಸ್ಪತ್ರೆಯಿಂದ ಆ ಪದ ಬಂತೆಂದರೆ ಊರಲ್ಲಿ ಚಟ್ಟಕ್ಕೆ ಬಿದಿರು ಹುಡುಕುತ್ತಿದ್ದರು; ಹಸುವಿನ ಹೆಸರಲ್ಲಿ ಅದನ್ನು ಹಾಕಿಸಲು ಯಾರೂ ಒಪ್ಪುತ್ತಿರಲಿಲ್ಲ. "ನಮ್ದಕ್ಕೆ ಒಸಿ ದೊಡ್ಡ ಪದ ಹಾಕವ್ವ" ಎಂದು ಕ್ಯಾನು ಇಳಿಸುತ್ತಲೇ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ಚೈತ್ರಳಿಗೆ ಹಿತವಾಗಿತ್ತು. ಅದುವರೆಗೆ ಅವಳನ್ನು ಯಾರೂ ಏನೂ ಬೇಡಿರಲಿಲ್ಲ.

ಒಂದು ಸೋಮವಾರ ಡೈರಿ ಅಧ್ಯಕ್ಷ ಪಿಳ್ಳಪ್ಪನ ಮಗ ಅಶೋಕ್ ಬಂದು ಹಲ್ಲು ಬಿಟ್ಟ. "ಮೇಡಂ, ನಮ್ಮ ಹಸು ಮೇವು ಮುಟ್ತಿಲ್ಲ. ಕ್ರಿಟಿಕಲ್ ಅಂತ ಒಗೀರಿ." ಚೈತ್ರ ಹಾಕಿದಳು. ಡಾಕ್ಟರು ಎರಡು ಊರು ಬಿಟ್ಟು ಓಡಿ ಬಂದಾಗ ಹಸು ಜೋಳದ ಕಡ್ಡಿ ಮೆಲ್ಲುತ್ತ ನಿಂತಿತ್ತು.

"ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನಿಮ್ಮ ಡೈರಿ ಮೆಸೇಜೇ ನೋಡಲ್ಲಮ್ಮ" ಎಂದು ಅವರು ಚೈತ್ರಳಿಗೆ ಹೇಳಿ ಹೋದರು.

ಮಂಗಳವಾರ ಸೊಣ್ಣಮ್ಮನ ಹಾಲಿಗೆ ಫ್ಯಾಟ್ ಕಮ್ಮಿ ಬಂತು, ರೇಟೂ ಇಳಿಯಿತು. ಸೊಣ್ಣಮ್ಮ ಒಂಟಿ ಹೆಂಗಸು, ಇರುವುದು ಒಂದೇ ಸೀಮೆಹಸು. ಬಾಯಿ ಮಾತ್ರ ನಾಲ್ಕು ಜನರದ್ದು.

"ನಾನು ನೀರು ಹಾಕಿದ್ನಾ? ಹಸ ನೀರು ಹಾಕ್ತಾ? ನೀನೂ ನಿನ್ ಮಿಷನ್ನೂ ಮುಖ ನೋಡಿ ಅಂಕಿ ಕೊಡ್ತೀರ ಕಣೇ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಚೈತ್ರ ತಲೆ ಎತ್ತದೆ ಪುಸ್ತಕದಲ್ಲಿ ಅಂಕಿ ಬರೆದಳು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅದೇ ಸೊಣ್ಣಮ್ಮ ಬರಿಗಾಲಲ್ಲಿ ಓಡಿ ಬಂದಳು.

"ಹಸೀನ ಹೊಟ್ಟೆ ತಮಟೆ ಆಗೈತೆ ಕಣವ್ವ. ಎಣ್ಣೆ ಕುಡಿಸ್ದೆ, ಇಳೀಲಿಲ್ಲ. ಉಸ್ರು ಎಳೀತೈತೆ. ಡಾಕ್ಟ್ರಿಗೆ ಹಾಕವ್ವ, ನಿನ್ ದಮ್ಮಯ್ಯ."

ಹೊಟ್ಟೆ ಉಬ್ಬರಿಸಿದ ಹಸು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಆ ಊರಿನ ಯಾರಿಗೆ ಗೊತ್ತಿಲ್ಲ? ಚೈತ್ರಳಿಗೂ ಗೊತ್ತಿತ್ತು. ಡಾಕ್ಟರು ಬೈದದ್ದು ನೆನಪಾಯಿತು. ಅದಕ್ಕಿಂತ ಮುಂಚೆ ಮಂಗಳವಾರದ ನಗು ನೆನಪಾಯಿತು. ಒಮ್ಮೆ ಸೊಣ್ಣಮ್ಮನ ಮುಖ ನೋಡಿದಳು. ಅರ್ಜೆಂಟ್ ಎಂದು ಒತ್ತಿ, ಹೊಟ್ಟೆ ಊತ ಎಂದು ಸೇರಿಸಿ, ಕಳಿಸಿದಳು.

"ಫೋನೂ ಮಾಡವ್ವ."

"ಎತ್ತಲ್ಲ. ಹಾಕಿದ್ದೀನಿ, ಹೋಗಿ."

ಒಂಬತ್ತೂವರೆಗೆ ಹಸು ಸತ್ತಿತು. ಡಾಕ್ಟರು ಬಂದದ್ದು ಹನ್ನೊಂದಕ್ಕೆ. ಕೊಟ್ಟಿಗೆಯ ಮುಂದೆ ಅರ್ಧ ಊರು ನಿಂತಿತ್ತು. ಎಲ್ಲರಿಗಿಂತ ಜೋರು ಅಶೋಕನ ಗಂಟಲು.

"ಮೆಸೇಜಲ್ಲಿ ಏನಿತ್ತು ಅಂತ ಅವರನ್ನೇ ಕೇಳಿ" ಎಂದು ಡಾಕ್ಟರು ಚೈತ್ರಳ ಕಡೆ ಕೈ ತೋರಿಸಿದರು.

"ಏನಂತ ಹಾಕಿದ್ದೆ ಮಗ?" ಪಿಳ್ಳಪ್ಪ ಕೇಳಿದ.

"ಅರ್ಜೆಂಟ್ ಅಂತ."

ಒಂದಕ್ಷರ ಸುಳ್ಳಿರಲಿಲ್ಲ. ಜನ ಡಾಕ್ಟರ ಮೇಲೆ ಮುಗಿಬಿದ್ದರು. "ಅರ್ಜೆಂಟ್ ಅಂದ್ರೂ ಹನ್ನೊಂದಕ್ಕೆ ಬರ್ತೀರೇನ್ರೀ?" ಎಂದು ಅಶೋಕ್ ಅವರ ಬೈಕಿನ ಕೀಲಿ ಕಿತ್ತುಕೊಂಡ. ಡಾಕ್ಟರು ಏನೋ ಹೇಳಲು ಹೋದರು, ಯಾರೂ ಕೇಳಲಿಲ್ಲ. ಅವರು ಚೈತ್ರಳನ್ನು ನೋಡಿದರು. ಅವಳು ಗೂಟಕ್ಕೆ ಸುತ್ತಿದ ಹಗ್ಗ ನೋಡುತ್ತ ನಿಂತಳು.

ಸೊಣ್ಣಮ್ಮ ಹಸುವಿನ ಪಕ್ಕದಿಂದಲೇ ಅಂದಳು: "ಆ ಮಗೀನ ಯಾರೂ ಏನೂ ಅನ್ಬೇಡಿ. ಮೊನ್ನೆ ನಾನು ಅಷ್ಟ್ ಬೈದಿದ್ರೂ ಮನ್ಸಲ್ಲಿ ಇಟ್ಕೊಳ್ದೆ ತಕ್ಷಣ ಹಾಕ್ತು."

ಚೈತ್ರ ಮನೆಗೆ ಹೋದಳು.

ಸಂಜೆ ಹಾಲು ಹಾಕುವವರ ಸಾಲು ನಿಂತಿರುವಾಗಲೇ ಡೈರಿಯಲ್ಲಿ ಪಿಳ್ಳಪ್ಪ ಒಂದು ಬಿಳಿ ಹಾಳೆ ಅವಳ ಮುಂದಿಟ್ಟ. "ಮೇಲಿನೋರಿಗೆ ಅರ್ಜಿ. ಇಂಗ್ಲಿಷಲ್ಲೇ ಬರಿ. ಇಮಿಡಿಯೇಟ್ ಗಿಮಿಡಿಯೇಟ್ ಅಂತ ಇರೋ ಪದಾನೆಲ್ಲ ಸುರಿ. ಆವಯ್ಯನ್ನ ಈ ಹೋಬಳಿಯಿಂದ ಎತ್ತಂಗಡಿ ಮಾಡಿಸ್ಬೇಕು." ಸೊಣ್ಣಮ್ಮ ರುಜು ಹಾಕಲು ಬಂದಿದ್ದಳು. ಕೈಯಲ್ಲಿ ಚೊಂಬು. ಹದಿನೈದು ವರ್ಷ ಹಾಲು ಹಾಕಿದ ಡೈರಿಯಲ್ಲಿ ಕಾಫಿಗೆಂದು ಅರ್ಧ ಲೀಟರು ಕೊಂಡಿದ್ದಳು.

ಇಮಿಡಿಯೇಟ್ ಎಂಬ ಪದ ಸಲೀಸಾಗಿ ಬಂತು. ಮುಂದೆ ಕಾರಣ ಬರೆಯಬೇಕಿತ್ತು. ಚೈತ್ರ ಪೆನ್ನು ಕೆಳಗಿಟ್ಟು ಸೊಣ್ಣಮ್ಮನ ಕಡೆ ತಿರುಗಿದಳು.

"ದೊಡ್ಡಮ್ಮ, ಅರ್ಜೆಂಟ್ ಅನ್ನೋದು ಎರಡನೇ ಪದ. ಹಾಗಂದ್ರೆ ಅವರು ಸಂಜೆ ಒಳಗೆ ಯಾವಾಗಾದ್ರೂ ಬರಬಹುದು. ಅದಕ್ಕಿಂತ ದೊಡ್ಡದೊಂದಿತ್ತು. ಅದು ಹಾಕಿದ್ರೆ ಆಗ್ಲೇ ಬರ್ತಿದ್ರು. ನಾನು ಹಾಕ್ಲಿಲ್ಲ."

"ಏಯ್, ಅದೆಲ್ಲ ಈಗ ಯಾರ್ ಕೇಳಿದ್ರು? ಬರಿಯಮ್ಮ ಸುಮ್ನೆ" ಎಂದ ಪಿಳ್ಳಪ್ಪ.

ಸೊಣ್ಣಮ್ಮ ಅವನ ಕಡೆ ತಿರುಗಲಿಲ್ಲ. "ಅಶೋಕನ ಹಸೀಗೆ ಯಾವ್ದು ಹಾಕಿದ್ದೆ?"

"ದೊಡ್ಡದು."

"ನಂಗೆ ಯಾಕ್ ಹಾಕ್ಲಿಲ್ಲ? ಮಂಗಳವಾರದ್ದಕ್ಕಾ?"

ಚೈತ್ರ ಹೌದೆಂದು ತಲೆ ಆಡಿಸಿದಳು.

ಸೊಣ್ಣಮ್ಮ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಚೊಂಬನ್ನು ಕ್ಯಾನಿನ ಬಾಯಿಗೆ ಹಿಡಿದು, ಒಂದು ತೊಟ್ಟೂ ಚೆಲ್ಲದಂತೆ ಹಾಲನ್ನು ವಾಪಸ್ಸು ಸುರಿದಳು. ಚೊಂಬನ್ನು ಸೆರಗಿನಲ್ಲಿ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು.

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.