ತೊಗರಿ ಚೀಲದಾಗಿನ ನೋಟಬುಕ್ಕು

"ಎಂಟನೇತ್ತಾಕ್ಕ ಸಾಲಿ ಬಿಟ್ಟಾಂವ ಕಥಿ ಬರೀತಾನಂತ ನೋಡ್ರಿ! ಚೀಲ ಹೊರೋ ಎತ್ತಿಗಿ ಪೆನ್ನು ಯಾಕ ಬೇಕು?"

ಗಾಂಧಿ ಗಂಜಿನ ಕಾಳಿನ ಪ್ಯಾಟ್ಯಾಗ, ರೈತರ ಮಾಲು ಮಾರಿಸಿಕೊಡೋ ಅಡತಿ ಅಂಗಡಿ ಮುಂದ, ಹಮಾಲರು, ಖರೀದಿದಾರರು, ಚಿಂತಾಕಿಯಿಂದ ತೊಗರಿ ತಂದ ರೈತರು ಎಲ್ಲಾರ ಎದುರಿಗೇ ಅಂಗಡಿ ಮಾಲಕ ಶಿವರಾಜಪ್ಪ ಸಾವಕಾರ ಹಿಂಗಂದ. ಅವನ ಕೈಯಾಗ ನನ್ನ ನೋಟಬುಕ್ಕಿತ್ತು.

ತಪ್ಪು ನಂದೇ. ಹಮಾಲರು ಖಾಲಿ ಚೀಲದ ಒಂದು ಮೂಲಿ ಇನ್ನೊಂದರಾಗ ತೂರಿಸಿ ಕೊಪ್ಪಿ ಮಾಡಿ ತಲಿಗಿ ಹಾಕ್ತೇವಿ. ನಾ ನೋಟಬುಕ್ಕು ಆ ಚೀಲದೊಳಗೇ ಇಡ್ತಿದ್ದೆ. ಊಟಕ್ಕ ಹೋಗುವಾಗ ಕೊಪ್ಪಿ ತೆಗೆದಿಟ್ಟೆ. ನನ್ನ ಜೋಡಿ ಹಮಾಲ ಮಕ್ಸೂದ ಅದನ್ನ ಬರೇ ಖಾಲಿ ಚೀಲ ಅಂತ ತಿಳಿದು, ತೊಗರಿ ತುಂಬಿ, ಬಾಯಿ ಹೊಲಿದುಬಿಟ್ಟ. ಖರೀದಿದಾರ ಮಾಲು ನೋಡ್ಲಾಕ ಚೀಲಕ್ಕ ಕಬ್ಬಿಣದ ಸಲಾಕಿ ಚುಚ್ಚಿದರ ಒಳಗೇನೋ ತಡೀತು. ಕಲ್ಲು ಹಾಕ್ಯಾರಂತ ಚೀಲ ಸುರಿಸಿದರು. ಕಾಳಿನ ಮ್ಯಾಲ ಬಿತ್ತು ನನ್ನ ನಾಲ್ಕು ತಿಂಗಳ ಬರಹ, ನಡುವ ಒಂದು ತೂತು ಬಿದ್ದು.

ನಮ್ಮೂರು ಔರಾದದಾಗ ಸಾಲಿ ಬಿಟ್ಟೆ, ಓದೋದು ಬಿಡಲಿಲ್ಲ. ಬಸ್ಸಿನಾಗ ಯಾರೋ ಬಿಟ್ಟುಹೋದ ಪೇಪರು. ಭಜಿ ಕಟ್ಟಿದ ಪೇಪರು. ಎಣ್ಣಿ ಕಲಿ ನಡುವ ಅರ್ಧ ಕಥಿ ಸಿಕ್ಕರ ಉಳಿದರ್ಧ ನಾನೇ ಬರೀತಿದ್ದೆ. ಆಮ್ಯಾಲ ನಂದೇ ಬರದೆ. ತೊಗರಿ ಧೂಳು ಬೆವರಿಗಿ ಹತ್ತಿ ಕೊರಳು ಉರೀತದ, ಕೆರೀಬೇಕಂದ್ರ ಎರಡೂ ಕೈ ಚೀಲದ ಮ್ಯಾಲ. ಆ ತುರಿಕಿ ತಡಕೊಳ್ಳಲಾಕ ಮನಸಿನಾಗ ಮಾತು ಜೋಡಸ್ತೇನಿ. ಚೀಲ ಇಳಿಸಿದ ಕೂಡಲೆ ಬರೀತೇನಿ, ಕೊರಳು ಕೆರಕೊಳ್ಳೋದು ಆಮ್ಯಾಲ.

"ಕೊಡ್ರಿ ಅದು," ಅಂದೆ.

"ತಡಿಯೋ ಅಶ್ವಜಿತ, ನಾಕು ಮಂದಿ ನಗಲಿ." ಸಾವಕಾರ ಕನ್ನಡಕ ಏರಿಸಿ, ನಾಟಕದವರ ಗತ್ತಿನಾಗ ಓದಿದ: "'ಚೀಲ ಇಳಿಸಿದ ಮ್ಯಾಲೂ ಕೊರಳು ಬಗ್ಗೇ ಇರ್ತದ...'"

"ವಾಹ್ ವಾಹ್!" ಅಂದ ಒಬ್ಬ ಖರೀದಿದಾರ. ಮಂದಿ ನಕ್ಕರು.

"'...ಮನ್ಯಾಗ ಅವ್ವ ಕರದರ, ತಲಿ ಎತ್ತಿ ಓ ಅನ್ಲಾಕ ಹೊತ್ತು ಹಿಡೀತದ. ಸಿಟ್ಟಾಗೀದಿ ಏನೋ ಅಂತ ಅವ್ವ ಕೇಳ್ತಾಳ.'"

ಈಗ ಯಾರೂ ನಗಲಿಲ್ಲ. ಮಕ್ಸೂದನ ಕೈ ತಾನಾಗೇ ಅವನ ಕೊರಳಿಗಿ ಹೋಯ್ತು. ಸಾವಕಾರ ಇನ್ನೊಂದು ಹಾಳಿ ತಿರುವಿದ. ಅದನ್ನ ದನಿ ತೆಗೆಯದೆ ಓದಿದ. ಆಮ್ಯಾಲ ನನ್ನ ಮಾರಿ ನೋಡಿದ.

"ಲೇ, ಎಲ್ಲಿಂದ ಕದ್ದಿ ಇದು?"

ಚೀಲ ಹೊರೋ ಎತ್ತು ಅಂದಾಗೂ ನನಗ ಇಷ್ಟು ಉರಿದಿರಲಿಲ್ಲ.

"ಯಾವುದೋ ಪುಸ್ತಕದಾಗಿಂದ ಇಳಿಸೀನಿ ಅಂತ ಎಲ್ಲಾರ ಮುಂದ ಒಂದು ಮಾತು ಅನ್ನು. ತಗೊಂಡು ಹೋಗು," ಅಂತ ನೋಟಬುಕ್ಕು ಚಾಚಿದ.

"ಅಂದುಬಿಡೋ," ಮಕ್ಸೂದ ಮೆಲ್ಲಗಂದ. "ಒಂದು ಮಾತಿನಾಗ ಏನದ?"

ನೋಟಬುಕ್ಕು ನನ್ನ ಕೈಗೆ ಗೇಣು ದೂರ ಇತ್ತು. ಅದರ ತೂತಿನಾಗ ಒಂದು ತೊಗರಿ ಕಾಳು ಸಿಕ್ಕೊಂಡಿತ್ತು. ಕೊರಳು ಉರೀತಿತ್ತು, ಕೆರೀಲಿಲ್ಲ. ನೆಲದ ಮ್ಯಾಲಿನ ಖಾಲಿ ಚೀಲ ಝಾಡಿಸಿ, ಮೂಲಿ ತೂರಿಸಿ, ತಲಿಗಿ ಹಾಕೊಂಡೆ.

"ಏ, ನಿನಗೇ ಕೇಳ್ಲಿಕತ್ತೀನಿ!"

ನೋಟಬುಕ್ಕು ಅವನ ಕೈಯಾಗೇ ಬಿಟ್ಟು, ಲಾರಿಗಳ ನಡುವ ಹಾದು ಔರಾದ ಬಸ್ಸಿನ ಕಡಿ ನಡದೆ.